ಹೊಸ್ತಿಲು ಮುಟ್ಟಿದ ಪರದೆ

ಬಸವನ ಬಾಗೇವಾಡಿಯ ನಮ್ಮ ಅಂಗಡಿಯಲ್ಲಿ ಸೋಫಾ ರಿಪೇರಿ, ಕುಶನ್, ಪರದೆ ಎಲ್ಲ ಕೆಲಸವೂ ನಡೆಯುತ್ತದೆ. ಅಂಗಡಿ ನನ್ನ ಮಾವನವರದು. ಹರೆಯದಲ್ಲಿ ಪುಣೆಗೆ ಹೋಗಿ ಕಸುಬು ಕಲಿತವರು. ಇದನ್ನು ಕಲಿಸುವ ಪುಸ್ತಕ ಕನ್ನಡದಲ್ಲಿ ತಮಗೆ ಸಿಗಲಿಲ್ಲವೆಂದು ಹಟ ಹಿಡಿದು ತಾವೇ ಒಂದು ಬರೆದು ಅಚ್ಚು ಹಾಕಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಸೂಜಿಗೆ ದಾರ ಪೋಣಿಸಬೇಕಾದರೂ ಪುಸ್ತಕವನ್ನು ಕೇಳಬೇಕಾಯಿತು.

ನನ್ನನ್ನೇ ನಂಬಿ ಬಂದ ಮೊದಲ ಆರ್ಡರ್ ಕೊಲ್ಹಾರದ ಹೊಸ ಮನೆಯೊಂದರ ಪರದೆಗಳು. ವಾಸ್ತುಶಾಂತಿಯ ಹೊತ್ತಿಗೆ ತೂಗುಹಾಕಬೇಕು. ಚೆನ್ನಾಗಿ ಆದರೆ ಆ ಊರಿನ ಕೆಲಸವೆಲ್ಲ ನನಗೆ. ಕೆಟ್ಟರೆ ಮತ್ತೆ ಮಾವನವರ ಹಿಂದೆ ಗುಂಡಿ ಹಚ್ಚುತ್ತ ಕೂರಬೇಕು.

ಬಾಗಿಲ ಪರದೆ ನೆಲ ಮುಟ್ಟಬೇಕೆಂದು ಪುಸ್ತಕದಲ್ಲಿತ್ತು.

“ಮಾವಾರ, ಅಷ್ಟು ಉದ್ದ ಆದ್ರ ಹೊಸ್ತಿಲಕ್ಕ ತಿಕ್ಕತೈತ್ರಿ,” ಅಂದೆ.

“ಪುಸ್ತಕದಾಗ ಹೆಂಗೈತಿ ಹಂಗ ಹೊಲಿಯವ್ವಾ. ತುಂಡ ಪರದೆ ಚಂದ ಕಾಣತೈತೇನು?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸಿಟ್ಟನ್ನೆಲ್ಲ ಮಷಿನ್ ಮೇಲೆ ತೀರಿಸಿಕೊಂಡು ಹಾಗೆಯೇ ಹೊಲಿದೆ.

ವಾಸ್ತುಶಾಂತಿಯ ಮುಂಜಾನೆ ಮಾವನವರೂ ಬಂದರು, ಉಡುಗೊರೆ ಕೊಡಲು ಪುಸ್ತಕ ಹಿಡಿದುಕೊಂಡು. ಪರದೆ ಚಂದವೇ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಆ ಮನೆಯ ಅಜ್ಜಿ ಹೊಸ್ತಿಲಿಗೆ ಅರಿಸಿನ ಬಳಿದು, ಕುಂಕುಮವಿಟ್ಟು, ರಂಗೋಲಿ ಎಳೆದು ಎದ್ದಳು. ಹೊಳೆಯ ಕಡೆಯಿಂದ ಗಾಳಿ ಬೀಸಿತು. ಪರದೆ ಎಲ್ಲವನ್ನೂ ಒರೆಸಿ ತಾನೂ ಹಳದಿಯಾಯಿತು.

“ಯಾರವಾ ಇದನ್ನ ಹೊಲದಾಕಿ? ಹೊಸ್ತಿಲಾ ಒರಸಾಕ ಪರದೆ ಮಾಡಿಸೇವೇನು ನಾವು?” ಅಜ್ಜಿ ಸಿಡುಕಿದಳು.

ಬಂದವರೆಲ್ಲ ನನ್ನತ್ತ ತಿರುಗಿದರು. ಅಷ್ಟರಲ್ಲಿ ಮಾವನವರು ಮುಂದೆ ಬಂದರು.

“ಆಕಿದೇನೂ ತಪ್ಪಿಲ್ರಿ ಯವ್ವಾ. ಆಕಿ ಬ್ಯಾಡ ಅಂದಿದ್ಲು. ನಾ ಪುಣೇದಾಗ ಕೆಲಸ ಮಾಡಿದ ಮನಿಗೋಳಿಗೆ ಹೊಸ್ತಿಲಾನ ಇರಲಿಲ್ರಿ. ಹಂಗ ಪುಸ್ತಕದಾಗ ಬರದಬಿಟ್ಟೇನಿ.”

ಹೇಳಿ, ಪುಸ್ತಕವನ್ನು ಬಗಲಲ್ಲಿ ಇರುಕಿಕೊಂಡು ಕಿಸೆಯಿಂದ ಸೂಜಿ ದಾರ ತೆಗೆದರು. ಬಾಗಿಲ ಆಚೆಗೊಬ್ಬರು ಈಚೆಗೊಬ್ಬರು ಕೂತು ಪರದೆಯ ಅಂಚು ಮಡಿಸಿ ಹೊಲಿದೆವು. ಅಜ್ಜಿ ಮತ್ತೆ ರಂಗೋಲಿ ಎಳೆದು ಗಾಳಿಗಾಗಿ ಕಾದಳು. ಗಾಳಿ ಬಂತು, ಹೊಸ್ತಿಲು ಹಾಗೆಯೇ ಉಳಿಯಿತು.

“ಓದು ಒಕ್ಕಾಲು, ಬುದ್ಧಿ ಮುಕ್ಕಾಲು, ತಮ್ಮಾ,” ಎಂದು ಊಟದ ಹೊತ್ತಿನಲ್ಲಿ ನಕ್ಕು ಅಜ್ಜಿ ಮಾವನವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ನನ್ನ ಕಡೆ ತಿರುಗಿ, “ಗಾದಿಗೆ ಹಾಕೂ ಗವಸಣಿಗಿನೂ ನೀನ ಹೊಲದ ಕೊಡವಾ,” ಅಂದಳು.

ಮನೆಗೆ ಬಂದವರೇ ಮಾವನವರು ಪುಸ್ತಕದ ಕಟ್ಟು ಬಿಚ್ಚಿ ಕೂತರು. ಒಂದೊಂದೇ ಪ್ರತಿ ತೆಗೆದು, ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ನಿನಿಂದ ಏನೋ ಬರೆಯುತ್ತಿದ್ದರು. ಚಹಾ ಕೊಡುವ ನೆಪದಲ್ಲಿ ಬಗ್ಗಿ ನೋಡಿದೆ.

“ಹೊಸ್ತಿಲಿರುವ ಬಾಗಿಲಿಗೆ ಪರದೆ ಒಂದು ಗೇಣು ಮೇಲಿರಲಿ. ಇದನ್ನು ನನಗೆ ಕಲಿಸಿದವಳು ನನ್ನ ಸೊಸೆ.”