ರಟ್ಟಿನ ಬಂಗಡೆ

ಮಗಳು ಶಾಲೆಗೆಂದು ರಟ್ಟಿನ ಮೀನು ಮಾಡುತ್ತಿದ್ದಳು. ಮೈದಾ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಪುಟ್ಟ ಹುಡುಗಿಯಾಗಿ ಅಂಕೋಲೆಯ ಚರ್ಚಿನ ಅಂಗಳದಲ್ಲಿದ್ದೆ.

ಬೇಸಿಗೆ ರಜೆಯಲ್ಲಿ ಅಲ್ಲಿ ಹತ್ತು ದಿನ ಮಕ್ಕಳ ಬೈಬಲ್ ಶಾಲೆ. ಮೀನುಗಾರರ ಕೇರಿಯ ನಾವೂ ಹಾಡಿಗೆ, ಕೋಕಂ ಶರಬತ್ತಿಗೆ ಓಡುತ್ತಿದ್ದೆವು. ಕೊನೆಯ ದಿನ ನಾಟಕ. ಯೇಸು ಹೇಳಿದಂತೆ ಬಲೆ ಬೀಸಿದ ಮೀನುಗಾರ ಪೇತ್ರನಿಗೆ ರಾಶಿ ಮೀನು ಸಿಗುತ್ತದೆ. ಅವನು ಎಲ್ಲವನ್ನೂ ದಡದಲ್ಲೇ ಬಿಟ್ಟು ಯೇಸುವಿನ ಹಿಂದೆ ಹೋಗುತ್ತಾನೆ. ಪೇತ್ರ ನಾನೇ. "ಮೀನು ಮುಟ್ಬೇಡ, ಸೀದಾ ನಡಿ" ಎಂದು ಕಲಿಸುವ ಅಕ್ಕೋರು ಹತ್ತು ಸಲ ಹೇಳಿದ್ದರು.

ರಟ್ಟಿನ ಬಂಗಡೆ ತುಂಬಿದ ಬಲೆ ಬಿಟ್ಟು ಹೊರಟೆನಷ್ಟೆ. ಪೇಟೆಯಲ್ಲಿ ಮೀನು ಮಾರಿ, ಬುಟ್ಟಿ ಸಮೇತ ಬಂದು ಕೂತಿದ್ದ ನನ್ನಜ್ಜಿ ಎದ್ದು ನಿಂತಳು.

"ಏ ಹುಡ್ಗಿ, ಅಷ್ಟು ಮೀನು ದಂಡೆಗೆ ಬಿಟ್ಟು ಎಲ್ಲಿ ಹೊಂಟೆ? ಮೊದ್ಲು ಬುಟ್ಟಿಗೆ ತುಂಬು!"

"ಅಜ್ಜಿ, ದೇವ್ರು ಕರೀತಾನೆ!"

"ದೇವ್ರು ಒಂಚೂರು ಕಾಯ್ತಾನೆ. ಮೀನು ಕಾಯೂದಿಲ್ಲ!"

ಅತ್ತ ಅಕ್ಕೋರು, ಇತ್ತ ಅಜ್ಜಿ. ನಾನು ಕೂತು ಮೀನು ಹೆಕ್ಕತೊಡಗಿದೆ. ಅಕ್ಕೋರು ಮೊದಲು ಹಣೆ ಚಚ್ಚಿಕೊಂಡರು, ಆಮೇಲೆ ಬಿದ್ದು ಬಿದ್ದು ನಕ್ಕರು. ಹತ್ತಿಯ ಗಡ್ಡ ಅಂಟಿಸಿಕೊಂಡಿದ್ದ ಯೇಸುವೂ ವಾಪಸ್ ಬಂದು ನನ್ನ ಜೊತೆ ಹೆಕ್ಕಿದ.

ಈಗ ಗೆಳತಿಯರು ಗೇಟಿನಲ್ಲಿ ಕೂಗಿದರೆಂದು ಮಗಳು ಮೀನನ್ನೆಲ್ಲ ನೆಲದಲ್ಲೇ ಬಿಟ್ಟು ಹೊರಟಳು.

"ಅವ್ರು ಕಾಯ್ಲಿ," ಎಂದೆ. "ಮೊದ್ಲು ಬುಟ್ಟಿಗೆ ತುಂಬು."