ಸರೀಕರ ನಡುವೆ ಒಂದು ಟಿಕಳಿ

ನಮ್ಮ ಮನೆಯ ಕನ್ನಡಿಯಲ್ಲಿ ನನ್ನ ಮುಖ ಪೂರ್ತಿ ಕಂಡ ದಿನ ಕಡಿಮೆ. ಹೆಂಡತಿ ಮಲಗುವ ಮುಂಚೆ ಹಣೆಯ ಟಿಕಳಿ ತೆಗೆದು ಕನ್ನಡಿಗೆ ಅಂಟಿಸುತ್ತಾಳೆ. ಬೆಳಿಗ್ಗೆ ಹೊಸದು ಹಚ್ಚಿಕೊಳ್ಳುತ್ತಾಳೆ, ಹಳೆಯದು ಅಲ್ಲೇ ಉಳಿಯುತ್ತದೆ. ಗಡ್ಡ ಹೆರೆಯಲು ನಿಂತರೆ ನನ್ನ ಗಲ್ಲಕ್ಕೊಂದು, ಮೂಗಿನ ತುದಿಗೊಂದು ಟಿಕಳಿ. ಗೊಣಗುತ್ತಾ ಅವನ್ನು ಉಗುರಿನಿಂದ ಕೆರೆಯುವುದು ನನ್ನ ಪಾಲಿನ ಕೆಲಸ. ಇವತ್ತೂ ಕೆರೆಯಲು ಕೈಯೆತ್ತಿದ್ದೆ, ಅಷ್ಟರಲ್ಲಿ ಮೊಬೈಲಿಗೆ ಒಂದು ಚಿತ್ರ ಬಂತು. ಅಡ್ಡಕ್ಕೊಂದು ಗೆರೆ, ಉದ್ದಕ್ಕೊಂದು ಗೆರೆ, ನಡುವೆ ಚೆಲ್ಲಾಡಿದ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೊಂದು ವಿಶ್ವವಿದ್ಯಾಲಯವಂತೆ. ಕಳಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ, ತಳಕಲ್ಲಿನ ರೇಣುಕಾ. ನನಗೆ ನೆನಪಾದವರು ಮಾತ್ರ ಶರಣಮ್ಮ ಮೇಡಂ.

ಕೊಪ್ಪಳ ಬೇರೆ ಜಿಲ್ಲೆಯಾದ ಹೊಸತು. ಯಲಬುರ್ಗಾದ ಸಣ್ಣದೊಂದು ಕಾಲೇಜಿನಲ್ಲಿ ನಾನು ಕನ್ನಡ ಹೇಳುತ್ತಿದ್ದೆ, ಮೇಡಂ ಸಂಖ್ಯಾಶಾಸ್ತ್ರ. ವರ್ಷವರ್ಷವೂ ಜಿಲ್ಲೆಯ ಕಾಲೇಜುಗಳ ಫಲಿತಾಂಶದ ಪಟ್ಟಿ ಬರುತ್ತಿತ್ತು. ಕೆಳಗಿನಿಂದ ಓದಿದರೆ ನಮ್ಮ ಹೆಸರು ಬೇಗ ಸಿಗುತ್ತಿತ್ತು. ಆಡಳಿತ ಮಂಡಳಿಯ ಅಧ್ಯಕ್ಷರಾದ ಗೌಡರಿಗೆ ಇದು ನುಂಗಲಾರದ ತುತ್ತಾಯಿತು. "ಸರೀಕರ ಮುಂದ ತಲಿ ಎತ್ತೂ ಹಂಗಿಲ್ಲ. ಮುಂದಿನ ವರ್ಷದಿಂದ ಸೈನ್ಸ್ ಬಂದ್ ಮಾಡ್ರಿ" ಎಂದುಬಿಟ್ಟರು.

ಬಂದ್ ಆದರೆ ಗಂಡುಹುಡುಗರು ಗಂಗಾವತಿಗೋ ಕೊಪ್ಪಳಕ್ಕೋ ಹೋಗಿಯಾರು. ಆದರೆ ರೇಣುಕಾ? ಯಲಬುರ್ಗಾದಲ್ಲಿ ಸೋದರತ್ತೆಯ ಮನೆಯಿದೆ ಎಂಬ ಒಂದೇ ಧೈರ್ಯಕ್ಕೆ ಅವಳನ್ನು ಓದಲು ಕಳಿಸಿದ್ದರು. ಬೇರೆ ಊರಿನ ಮಾತೆತ್ತಿದರೆ ಅವಳ ಓದು ಮುಗಿದಂತೆಯೇ. ಅವಳಂಥವರು ತರಗತಿಯ ತುಂಬ ಇದ್ದರು.

ಮೇಡಂ ಗಂಗಾವತಿಗೆ ಹೋಗಿ ಟಿಕಳಿ ಪ್ಯಾಕೆಟ್‌ಗಳ ಕಟ್ಟನ್ನೇ ಕೊಂಡರು. ಚೀಲ ಹಿಡಿದು ನಾನೂ ಜೊತೆಗಿದ್ದೆ. "ಮನ್ಯಾಗ ಮದುವಿ ಐತೇನ್ರಿ ಅಕ್ಕಾರ?" ಎಂದ ಬಳೆ ಅಂಗಡಿಯವನು. "ಹೂನ್ರಿ, ಜಿಲ್ಲಾದ ಅಷ್ಟೂ ಕಾಲೇಜಿಂದು" ಎಂದರು ಮೇಡಂ.

ದೊಡ್ಡ ಹಾಳೆಯ ಅಡ್ಡಗೆರೆಯ ಮೇಲೆ ಮಕ್ಕಳು ಪಿಯುಸಿಯಿಂದ ತಂದ ಅಂಕ, ಉದ್ದಗೆರೆಯ ಮೇಲೆ ಆಯಾ ಪದವಿ ಕಾಲೇಜಿನಲ್ಲಿ ಅವರು ಪಾಸಾದ ಪ್ರಮಾಣ. ಒಂದು ಕಾಲೇಜಿಗೆ ಒಂದು ಟಿಕಳಿ. ದೊಡ್ಡ ಕಾಲೇಜಿಗೆ ದೊಡ್ಡದು, ನಮಗೆ ಸಾಸಿವೆಯಷ್ಟು. ಉಳಿದವೆಲ್ಲ ಕಪ್ಪು, ನಮ್ಮದೊಂದೇ ಕೆಂಪು.

"ಚುಕ್ಕಿ ಇಟ್ಟಿದ್ದಾತು, ಗೆರಿ ಯಾವಾಗ ಎಳೀತೀರಿ ಮೇಡಂ?" ಎಂದೆ. ಚುಕ್ಕಿಯೆಂದರೆ ರಂಗೋಲಿ ಎಂದೇ ತಿಳಿದ ಕನ್ನಡ ಮೇಷ್ಟ್ರು ನಾನು.

"ಗೆರಿ ಬ್ಯಾಡ್ರಿ ಸರ. ಯಾರು ಯಾರ ಬಾಜೂಕ ಕುಂತಾರ, ಅವರೊಳಗ ಯಾರು ಮ್ಯಾಲ ಅದಾರ, ಅಷ್ಟ ನೋಡ್ರಿ."

ಆಡಳಿತ ಮಂಡಳಿಯ ಸಭೆಯ ದಿನ ಕೆಂಡದಂಥ ಬಿಸಿಲು. ರೇಣುಕಾ ಹಾಳೆ ಹಿಡಿದು ನಿಂತಳು. ಗೌಡರು ಕನ್ನಡಕ ಏರಿಸಿ, "ಇದರಾಗ ನಮ್ಮದು ಯಾವ್ದವಾ?" ಎಂದರು. ಮೇಡಂ ಎತ್ತಿದ ಕೋಲು ಅಲ್ಲೇ ನಿಂತಿತು. ನಮ್ಮ ಟಿಕಳಿ ಮಾಯ! ಸೆಕೆಗೆ ಅಂಟು ಬಿಟ್ಟು ಎಲ್ಲೋ ಉದುರಿತ್ತು. ನಾನು ಪಂಚೆ ಎತ್ತಿಕಟ್ಟಿ ಮೇಜಿನ ಕೆಳಗೆ ತೆವಳಿದೆ. "ಪಟ್ಟಿಯೊಳಗ ತಳಕ್ಕಿತ್ತು, ಈಗ ಹಾಳಿಯಿಂದನೂ ಬಿತ್ತು ನೋಡ್ರಿ" ಎಂದರು ಸದಸ್ಯರೊಬ್ಬರು. ಎಲ್ಲರೂ ನಕ್ಕರು.

ಮೇಡಂ ನಗಲಿಲ್ಲ. ತಮ್ಮ ಹಣೆಯ ಕೆಂಪು ಟಿಕಳಿ ಕಿತ್ತು ಹಾಳೆಯ ಮೇಲೆ ಒತ್ತಿದರು.

"ಏ ತಂಗಿ, ಹಂಗ ಹಣಿ ಬರಿದು ಮಾಡ್ಕೋಬಾರದವಾ!" ಎನ್ನುತ್ತಾ ಗೌಡರು ಗಾಬರಿಯಿಂದ ಎದ್ದೇ ಬಂದರು. ಬಂದವರು ಹಾಳೆಯ ಎದುರೇ ನಿಂತಿದ್ದರು.

"ಗೌಡ್ರ, ಬೀಗತನ ಮಾಡೂ ಮುಂದ ಸರೀಕರ ಮನಿ ಹುಡುಕ್ತೀರಿ. ಕಾಲೇಜಿಗೆ ಯಾಕ ಬ್ಯಾರೆ ನ್ಯಾಯ? ಆ ದೊಡ್ಡ ಕಾಲೇಜಿಗೆ ಬರೂ ಮಕ್ಕಳ ಮಾರ್ಕ್ಸ ಬ್ಯಾರೆ, ಆ ಕಾಲೇಜು ಅಲ್ಲಿ ಬಲಕ್ಕ, ಭಾಳ ದೂರ ಅದಾವ. ನಮ್ಮಂಥಾ ಮಕ್ಕಳು ಬರೂ ಕಾಲೇಜು ಇಲ್ಲಿ ಎಡಕ್ಕ ಅದಾವ. ಇವರು ನಮ್ಮ ಸರೀಕರು. ಇವರೊಳಗ ನಮ್ಮ ಟಿಕಳಿ ಎಲ್ಲೈತಿ, ನೀವ ಹೇಳ್ರಿ."

ಗೌಡರು ಬಹಳ ಹೊತ್ತು ನೋಡಿದರು. "ಎಲ್ಲಾರಕಿಂತ ಮ್ಯಾಲ ಐತಿ ಬಿಡವಾ" ಎಂದರು. "ಸೈನ್ಸ್ ನಡೀಲಿ. ಮೊದ್ಲ ಹಣಿಗಿ ಏನರ ಹಚ್ಕೋ." ರೇಣುಕಾ ಹಾಳೆಯನ್ನು ನನ್ನ ಕೈಗಿತ್ತು, ತನ್ನ ಟಿಕಳಿ ತೆಗೆದು ಮೇಡಂ ಹಣೆಗಿಟ್ಟಳು. ನನ್ನ ಕಣ್ಣು ತುಂಬಿ ಬಂತು. ನಿಜ ಹೇಳಬೇಕೆಂದರೆ ಮೇಡಂ ಅಂಟಿಸಿದ ಟಿಕಳಿ ನಮ್ಮ ಕಾಲೇಜಿನ ಗಾತ್ರಕ್ಕೆ ಮೀರಿದ್ದು. ಸಂಖ್ಯಾಶಾಸ್ತ್ರಕ್ಕೆ ಅದೊಂದು ಅಪಚಾರವೇ.

ಮೇಡಂ ಈಗಿಲ್ಲ. ಆ ಕೊರತೆ ನನ್ನನ್ನು ಇಂಥ ಸಣ್ಣಸಣ್ಣ ನೆವದಲ್ಲೇ ಬಂದು ಕಾಡುತ್ತದೆ. ರೇಣುಕಾ ಒಂದು ವಿಶ್ವವಿದ್ಯಾಲಯದಲ್ಲಿ ಇಂಥವೇ ಚುಕ್ಕಿ ಇಡುವ ಕೆಲಸದಲ್ಲಿದ್ದಾಳೆ. ಚಿತ್ರದ ಕೆಳಗೆ, "ಇದರಾಗ ನಮ್ಮದು ಯಾವ್ದು ಹೇಳ್ರಿ ಸರ" ಎಂದು ಬರೆದಿದ್ದಳು. ಸಮ ಅಳತೆಯ ಕಪ್ಪು ಚುಕ್ಕಿಗಳ ನಡುವೆ ಒಂದೇ ಕೆಂಪು, ಉಳಿದವಕ್ಕಿಂತ ಕೊಂಚ ದೊಡ್ಡದು.

"ಗಾತ್ರ ತಪ್ಪೈತಲ್ಲವಾ" ಎಂದು ಬರೆದೆ.

"ತಪ್ಪಲ್ರಿ ಸರ. ಅದು ಮೇಡಂ ಹಣೀದು."

ಕನ್ನಡಿಯ ಟಿಕಳಿ ಕೆರೆಯಲು ಮತ್ತೆ ಎತ್ತಿದ ಕೈ ಇಳಿಸಿದೆ. ಟಿಕಳಿಗಳ ಸಂದಿಯಲ್ಲೇ ಇಣುಕಿ ಗಡ್ಡ ಹೆರೆದುಕೊಂಡೆ. ಗಲ್ಲದ ಮೇಲೆ ಅಲ್ಲಲ್ಲಿ ಉಳಿದ ಕೂದಲು ನೋಡಿ ಹೆಂಡತಿ, "ಕನ್ನಡಿ ಸ್ವಚ್ಛ ಮಾಡ್ಕೊಳ್ಳಾಕ ಏನಾಗಿತ್ರಿ?" ಎಂದಳು. "ಇರಲಿ ಬಿಡು" ಎಂದೆ.