ಬೇಕೆಂದೇ ಮರೆತ ಪದಗಳು

ಹೋದ ವಾರ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತಂದು ಬಿಸಿನೀರಿಗೆ ಹಾಕಿದೆ. ಕಾದ ರಬ್ಬರಿನ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಒಲೆ ಆರಿಸಿ, ಹಿಂಬಾಗಿಲು ತೆರೆದು ಚಳಿಯಲ್ಲಿ ನಿಂತೆ.

ನನ್ನ ಮೈದುನ, ಆಡುವಾಗ ಹಲ್ಲಿಗೆ ಪೆಟ್ಟಾಗದಂತೆ ಬಾಯಲ್ಲಿಡುವ ರಬ್ಬರಿನ ಗಾರ್ಡನ್ನು ನನ್ನ ಹಾಲಿನ ಪಾತ್ರೆಯಲ್ಲೇ ಕುದಿಸುತ್ತಿದ್ದ. ಮೆತ್ತಗಾದ ಮೇಲೆ ಕಚ್ಚಿ ಹಿಡಿದರೆ ಅದು ಹಲ್ಲಿನ ಅಳತೆಗೆ ಕೂರುತ್ತಿತ್ತು. ಅವನು ಆಡಿದ ಕೊನೆಯ ಭಾನುವಾರವೂ ಹಾಗೇ ಮಾಡಿದ.

"ನಾಳೆ ಇದ್ರಲ್ಲೇ ಕಣೋ ನಿಂಗೆ ಕಾಫಿ" ಎಂದು ರೇಗಿದೆ.

"ಕೊಡಿ ಅತ್ತಿಗೆ, ನನ್ನ ಹಲ್ಲೇ ತಾನೆ!"

ಅತ್ತೆ ನನಗೆ ಕಲಿಸಿದ್ದ ನೀರುದೋಸೆ ಆರು ತಿಂದು, ಬ್ಯಾಗ್ ಹೆಗಲಿಗೇರಿಸಿ ಸೆಲ್ಲಿ ಓಕ್ ಸ್ಟೇಷನ್ನಿನ ಕಡೆ ಓಡಿದ. ಸಂಜೆ ಊರುಗೋಲಿನಲ್ಲಿ ಬಂದ. ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆಟ ಅಲ್ಲಿಗೆ ಮುಗಿಯಿತು.

ಅದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಇಲ್ಲಿನ ಯೂನಿವರ್ಸಿಟಿಗಳಲ್ಲೂ ಅದನ್ನು ಆಡುತ್ತಾರೆಂದು ನನಗೆ ತಿಳಿದದ್ದು, ಮದುವೆಯಾಗಿ ಮೈಸೂರಿನಿಂದ ಬರ್ಮಿಂಗ್‌ಹ್ಯಾಮಿಗೆ ಬಂದ ಮೇಲೆ. ಅವನ ಜಾಗಕ್ಕೆ ಸೇಫ್ಟಿ ಎನ್ನುತ್ತಿದ್ದರು. ಎಲ್ಲರಿಗಿಂತ ಹಿಂದೆ ನಿಲ್ಲಬೇಕು, ಚೆಂಡು ಎಸೆಯುವವನ ಕಣ್ಣು ಎತ್ತ ಹೋದರೂ ನಂಬಬಾರದು, ತಪ್ಪಿಸಿಕೊಂಡು ಬಂದವನನ್ನು ಕೆಡವಬೇಕು. ಆ ಅಪನಂಬಿಕೆ ಮನೆಯೊಳಗೂ ಬಂದಿತ್ತು. "ಸಕ್ಕರೆ ಕಮ್ಮಿ ಹಾಕಿದ್ದೀರಿ, ನಿಮ್ಮ ಭುಜ ಹೇಳ್ತಿದೆ" ಎಂದು ಕುಡಿಯುವ ಮೊದಲೇ ಹೇಳುತ್ತಿದ್ದ.

ಕಾಲು ಸರಿಯಾದ ಮೇಲೆ ಅದೇ ಯೂನಿವರ್ಸಿಟಿ ತಂಡಕ್ಕೆ ಕೋಚ್ ಆಗಿ ಸೇರಿದ. ಮೊದಲ ವರ್ಷ ಕೋನ್ ಜೋಡಿಸುವುದು, ವಿಡಿಯೊ ಹಿಡಿಯುವುದು, ಅಷ್ಟೆ. ಆಮೇಲೆ ಹಿಂಬದಿಯ ಆಟಗಾರರೆಲ್ಲ ಅವನ ಕೈಗೆ ಬಂದರು. ಹಗಲು ಆಫೀಸು, ಸಂಜೆ ಮೈದಾನ.

ಸೀಸನ್ನಿನ ಮೊದಲು ಪ್ರತಿ ಆಟಗಾರನಿಗೂ ನೆನಪಿನ ಪರೀಕ್ಷೆ. ಆಟಗಾರರ ಗಾಯ ನೋಡಿಕೊಳ್ಳುವ ಫಿಸಿಯೊ ಹತ್ತು ಪದ ಓದುತ್ತಾಳೆ, ಸ್ವಲ್ಪ ಹೊತ್ತಿನ ನಂತರ ಹೇಳಬೇಕು. ಮುಂದೆ ತಲೆಗೆ ಪೆಟ್ಟಾದರೆ ಮತ್ತೆ ಕೇಳಿ, ಹಳೆಯ ಹಾಳೆಯ ಜೊತೆ ಹೋಲಿಸುತ್ತಾರೆ. ಕಡಿಮೆಯಾಗಿದ್ದರೆ ಆಡುವಂತಿಲ್ಲ. ಅದಕ್ಕೇ ಕೆಲವರು ಮೊದಲ ಸಲವೇ ಬೇಕೆಂದು ಪದಗಳನ್ನು ಬಿಟ್ಟುಬಿಡುತ್ತಾರೆ. ಆ ಕಳ್ಳತನ ಹಿಡಿಯುವುದರಲ್ಲಿ ನನ್ನ ಮೈದುನ ನಿಸ್ಸೀಮ. ಪರೀಕ್ಷೆ ನಡೆಯುವಾಗ ಕೈಕಟ್ಟಿ ಪಕ್ಕದಲ್ಲೇ ನಿಲ್ಲುತ್ತಿದ್ದ. ಕೊನೆಯ ವರ್ಷ ಒಬ್ಬ ಒಳ್ಳೆಯ ಆಟಗಾರನನ್ನು ಅದಕ್ಕೇ ತಂಡದಿಂದ ತೆಗೆದ.

"ನಿಂಗೆ ಹ್ಯಾಗೋ ಗೊತ್ತಾಯ್ತು?" ಎಂದು ನನ್ನ ಗಂಡ ಊಟದ ಹೊತ್ತಿಗೆ ಕೇಳಿದರು.

"ಗೊತ್ತಾಗುತ್ತೆ, ಅಷ್ಟೆ." ಹಾಗೆನ್ನುವಾಗ ಅವನು ನನ್ನ ಕಡೆ ನೋಡಲಿಲ್ಲ.

ಅವನು ಓದುತ್ತಿದ್ದ ದಿನಗಳಲ್ಲಿ, ನಾನು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಾಗ, ಒಂದು ಚೀಟಿ ಕೊಟ್ಟು ಹತ್ತು ಪದ ಓದಿಸಿದ್ದ. ಆರು ಹೇಳಿ ನಿಲ್ಲಿಸಿದ. ಉಳಿದದ್ದು ಮರೆತೇಹೋಯಿತು ಎಂದ. ಊಟಕ್ಕೆ ಕೂತಾಗ ಹತ್ತನ್ನೂ ಹಿಂದುಮುಂದಾಗಿ ಹೇಳಿ ನಕ್ಕ. ಆಟವೆಂದುಕೊಂಡೆ. ಇಂಥ ಪರೀಕ್ಷೆಯೊಂದಿದೆ ಎಂದೇ ನನಗೆ ಆಗ ಗೊತ್ತಿರಲಿಲ್ಲ...

ಆ ಆಟಗಾರನನ್ನು ತೆಗೆದ ವರ್ಷವೇ, ನವೆಂಬರಿನಲ್ಲಿ, ಹೇಗೆ ಕೆಡವಬೇಕೆಂದು ತೋರಿಸಲು ಹೋಗಿ ಅವನೇ ಹಿಮ್ಮುಖವಾಗಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಗಂಡ ಕೆಲಸದ ಮೇಲೆ ಲೀಡ್ಸಿನಲ್ಲಿದ್ದರು, ಕರೆತರಲು ನಾನು ಹೋದೆ. ಫಿಸಿಯೊ ಹತ್ತು ಪದ ಓದಿದಳು. ಅವನು ಆರು ಹೇಳಿದ. ಅವನು ಆಡುತ್ತಿದ್ದ ಕಾಲದ ಹಾಳೆ ತೆಗೆದು ನೋಡಿ, ಆಗಲೂ ಆರು, ಏನೂ ವ್ಯತ್ಯಾಸವಿಲ್ಲ ಎಂದು ನಕ್ಕಳು.

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಕಣ್ಣು ಮುಚ್ಚಿ ಏಳನೆಯ ಪದವನ್ನು ಹುಡುಕುತ್ತಿದ್ದ. ಈ ಸಲ ನಿಜವಾಗಿಯೂ ಹುಡುಕುತ್ತಿದ್ದ.

ಬಾಯಿ ತೆರೆದೆ. ಇಲ್ಲೇ ಹುಟ್ಟಿದವನು, ನಾಲ್ಕು ಮಾತಿಗೆ ಮೂರು ಇಂಗ್ಲಿಷ್ ಬೆರೆಸುವವನು, ಅವಳಿಗೆ ತಿಳಿಯದಂತೆ ಬರೀ ಕನ್ನಡದಲ್ಲಿ ಅಂದ: "ಹೇಳಬೇಡಿ ಅತ್ತಿಗೆ. ಆ ಹುಡುಗನನ್ನ ತಂಡದಿಂದ ತೆಗೆದು ಇನ್ನೂ ಎರಡು ತಿಂಗಳಾಗಿಲ್ಲ. ಯಾವ ಮುಖ ಇಟ್ಕೊಂಡು ಹುಡುಗರ ಮುಂದೆ ನಿಲ್ಲಲಿ?"

ಏನಂತೆ ಎಂದು ಫಿಸಿಯೊ ಕೇಳಿದಳು. ಅತ್ತಿಗೆಗೆ ಪಾರ್ಕಿಂಗಿನ ಚಿಂತೆ ಎಂದು ಅವನೇ ಇಂಗ್ಲಿಷಿನಲ್ಲಿ ಹೇಳಿದ. ನಾನು ಹೌದೆಂದು ತಲೆಯಾಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ಬಿದ್ದವನು ಏಳಲಿಲ್ಲ. ಮೆದುಳಿನಲ್ಲಿ ನಿಧಾನವಾಗಿ ರಕ್ತ ಸೋರಿತ್ತು. ಮೊದಲ ದಿನವೇ ಸ್ಕ್ಯಾನ್ ಮಾಡಿಸಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಅವರು ನಿಜ ಹೇಳಿದರೋ, ನನ್ನ ಮುಖ ನೋಡಿ ಕನಿಕರಪಟ್ಟರೋ... ಆ ಅನುಮಾನ ಹೋಗಿಲ್ಲ.

ಅವನ ಸಾಮಾನಿನ ಜೊತೆ ಯೂನಿವರ್ಸಿಟಿಯಿಂದ ಎರಡು ಹಾಳೆಗಳೂ ಬಂದವು. ಗಂಡ ಅವನ್ನು ಆಗಾಗ ತೆಗೆದು ನೋಡುತ್ತಾರೆ. "ನೋಡೇ, ಆಗಲೂ ಆರು, ಈಗಲೂ ಆರು. ಯಾರಿಗೆ ತಾನೆ ಗೊತ್ತಾಗಬೇಕಿತ್ತು?" ಎನ್ನುತ್ತಾರೆ. ಇದನ್ನು ಬರೆದು ಮೊದಲು ಅವರ ಕೈಗೇ ಕೊಡುತ್ತೇನೆ. ಆಮೇಲೆ ಅವರು ನನ್ನನ್ನು ಹೇಗೆ ನೋಡುತ್ತಾರೋ ತಿಳಿಯದು.

ಆ ಎರಡು ಹಾಳೆಗಳು ಮನೆಯಲ್ಲಿವೆ. ಅವನು ಹತ್ತನ್ನೂ ಹೇಳಿದ ಹಾಳೆ ಎಲ್ಲೂ ಇಲ್ಲ.